ಒಂದೂವರೆ ಗುಂಡಿಯ ದಾರಿ

ಟೈಲರಮ್ಮನಿಗೆ ಪ್ರಯಾಣವೆಂದರೆ ಬಾಕಿ ಕೆಲಸ ಮುಗಿಸುವ ಹೊತ್ತು. ಬಸ್ಸಿನಲ್ಲಿ ಸೀಟು ಸಿಕ್ಕರೆ ಸಾಕು, ಮಡಿಲಲ್ಲಿ ಬಟ್ಟೆ, ಕೈಯಲ್ಲಿ ಸೂಜಿ. ಇಳಿಯುವಷ್ಟರಲ್ಲಿ ಯಾರದೋ ಅಂಗಿಗೆ ಗುಂಡಿಗಳೆಲ್ಲ ಕೂತಿರುತ್ತಿದ್ದವು. ಹಾಗಾಗಿ ಮಗಳ ಊರಿಗೆ ವಿಮಾನದಲ್ಲಿ ಹೊರಟಾಗಲೂ, ಹುಟ್ಟಲಿರುವ ಮೊಮ್ಮಗುವಿನ ಪುಟ್ಟ ಅಂಗಿಯನ್ನು ಗುಂಡಿಯಿಲ್ಲದೆಯೇ ಕೈಚೀಲಕ್ಕೆ ಹಾಕಿಕೊಂಡಳು. ಜೊತೆಗೆ ಎರಡು ಹೊತ್ತಿನ ಬುತ್ತಿ, ಹೊದಿಕೆ, ಒಂದು ದಿಂಬು.

ಬೆಟ್ಟ ಸುತ್ತಿ ಹೋಗುವ ಬಸ್ಸಿಗೆ ಇಡೀ ಹಗಲು ಬೇಕು. ಮೂರು ವರ್ಷ ಆಕೆ ಹೋಗದಿರಲು ಅದೇ ನೆಪ. ಮಗಳು ಹೇಳದೆ ಕೇಳದೆ ಆ ಊರಿನ ವಿಮಾನ ನಿಲ್ದಾಣದಲ್ಲಿ ಲಗೇಜು ತೂಗುವವನನ್ನು ಮದುವೆಯಾಗಿದ್ದಳು. ತಾಯಿ ಮುಖ ಊದಿಸಿಕೊಂಡಿದ್ದಳು. ಸಿಟ್ಟು ಎಂದರೆ ನಾಲ್ಕು ಜನ ಬುದ್ಧಿ ಹೇಳಲು ಬರುತ್ತಾರೆ, ದೂರ ಎಂದರೆ ಯಾರೂ ಬಾಯಿ ಹಾಕುವುದಿಲ್ಲ. "ಅಷ್ಟು ದೂರ ನನ್ನ ಕೈಲಾಗಲ್ಲಮ್ಮ" ಎಂದು ಪ್ರತಿ ಸಲ ಫೋನಿಟ್ಟುಬಿಡುತ್ತಿದ್ದಳು.

ಕಳೆದ ವಾರ ಮಗಳು ಖಡಾಖಂಡಿತವಾಗಿ ಹೇಳಿದಳು: "ಮಗು ಹುಟ್ಟೋದ್ರೊಳಗೆ ಬಂದ್ರೆ ಬಾ. ಇಲ್ಲಾಂದ್ರೆ ಆಮೇಲೂ ಬರಬೇಡ."

ಮರುದಿನವೇ ಅಳಿಯ ಟಿಕೆಟ್ ಕಳಿಸಿದ. "ಕತ್ತರಿ ಮಾತ್ರ ದೊಡ್ಡ ಬ್ಯಾಗಲ್ಲಿಡಿ ಅತ್ತೆ. ಮೇಲೆ ಹಾರಿದ್ರೆ ಮೂವತ್ತೈದೇ ನಿಮಿಷ." ಅಷ್ಟು ಬೇಗ ಹೇಗೆ ಮುಟ್ಟೀತು, ಬೆಣ್ಣೆ ಹಚ್ಚುತ್ತಿದ್ದಾನೆ ಎಂದುಕೊಂಡು ಆಕೆ ಬುತ್ತಿಯನ್ನು ಇನ್ನಷ್ಟು ದೊಡ್ಡದು ಮಾಡಿದಳು.

ವಿಮಾನ ವ್ಯಾನಿಗಿಂತ ಸ್ವಲ್ಪ ದೊಡ್ಡದು, ಅಷ್ಟೆ. ಅದು ಮೇಲೇಳುವಾಗ ಟೈಲರಮ್ಮನ ಜೀವ ಬಾಯಿಗೆ ಬಂತು. ಸುಮಾರು ಹೊತ್ತು ಸೀಟು ಗಟ್ಟಿಯಾಗಿ ಹಿಡಿದು ಕೂತಿದ್ದು, ಆಮೇಲೆ ಸೂಜಿಗೆ ದಾರ ಪೋಣಿಸಿದಳು. ಒಂದು ಗುಂಡಿ ಹಾಕಿ, ಹಲ್ಲಿನಿಂದ ದಾರ ಕಡಿದು, ಎರಡನೆಯದಕ್ಕೆ ಕೈ ಹಚ್ಚಿದಳು. ಅದು ಅರ್ಧವಾಗುವಷ್ಟರಲ್ಲಿ ಕಿವಿ ಗುಂಯ್ ಎಂದಿತು. ಗಗನಸಖಿ ಬಗ್ಗಿ, "ಸೂಜಿ ಒಳಗಿಡಿ ಅಮ್ಮ, ಇಳೀತಾ ಇದೀವಿ" ಎಂದಳು.

"ಮಧ್ಯದಲ್ಲಿ ಯಾವೂರಿಗೆ?"

"ಮಧ್ಯದಲ್ಲಲ್ಲ, ನೀವು ಹೋಗಬೇಕಾದ ಊರಿಗೇ."

ದಿಂಬು ಅವುಚಿಕೊಂಡು ಮೆಟ್ಟಿಲಿಳಿಯುವಾಗ ಆಕೆಗೆ ನಾಚಿಕೆಯಿಂದ ತಲೆಯೆತ್ತಲಾಗಲಿಲ್ಲ. ಒಂದೂವರೆ ಗುಂಡಿಯ ದಾರಿ. ಇದಕ್ಕೇ ಮೂರು ವರ್ಷ ಮಗಳ ಮುಖ ನೋಡದೆ ಕೂತಿದ್ದೆನಲ್ಲ!

ನಿಲ್ದಾಣವೆಂದರೆ ಒಂದೇ ಹಜಾರ, ಒಂದು ತೂಕದ ಯಂತ್ರ, ಪಕ್ಕದಲ್ಲೊಂದು ಬೆಂಚು. ಅಳಿಯ ನಗು ತಡೆದುಕೊಂಡು ದಿಂಬು ಇಸಿದುಕೊಂಡ. ಮಗಳು ಹೊಟ್ಟೆಯ ಮೇಲೆ ಕೈಯಿಟ್ಟು ನಿಂತಿದ್ದಳು, ಮುಖದಲ್ಲಿ ನಗುವಿಲ್ಲ.

"ಅಷ್ಟು ದೂರ ಹೇಗಮ್ಮ ಬಂದೆ?"

ಮಾತು ನಾಟಬೇಕಾದಲ್ಲಿಯೇ ನಾಟಿತು. ಮಂಡಿನೋವು, ತಲೆಸುತ್ತು, ಹೇಳಲು ನೆಪಗಳೇನೂ ಕಡಿಮೆಯಿರಲಿಲ್ಲ. ಟೈಲರಮ್ಮ ಎಲ್ಲವನ್ನೂ ನುಂಗಿಕೊಂಡಳು.

"ದೂರ ಇರಲಿಲ್ಲ ಕಣೇ. ನಾನೇ ಬರಲಿಲ್ಲ."

ಮಗಳು ಹತ್ತಿರ ಬಂದಳು. ತಾಯಿಯ ಕೈಯಲ್ಲಿದ್ದ ಪುಟ್ಟ ಅಂಗಿಯನ್ನು ತೆಗೆದುಕೊಂಡು ತಿರುಗಿಸಿ ನೋಡಿದಳು; ಒಂದೂವರೆ ಗುಂಡಿ ಬಿಟ್ಟರೆ ಉಳಿದದ್ದೆಲ್ಲ ಖಾಲಿ. ಮೂಗೊರೆಸಿಕೊಂಡಳು. ಆಮೇಲೆ ತಾಯಿಯ ಭುಜ ಹಿಡಿದು ಬೆಂಚಿನ ಮೇಲೆ ಕೂರಿಸಿ, ತಾನೂ ಒತ್ತಿಕೊಂಡು ಕೂತಳು.

"ಬುತ್ತಿ ಬಿಚ್ಚು. ಹೊಟ್ಟೆ ತಾಳ ಹಾಕ್ತಿದೆ."

"ನಾನೂ ಇದೀನಿ ಅತ್ತೆ" ಎಂದ ಅಳಿಯ.

ಒಂದು ದಿನದ ದಾರಿಗೆಂದು ಕಟ್ಟಿದ್ದನ್ನು ಮೂವರೂ ಸೇರಿ ಖಾಲಿ ಮಾಡಿದರು. ಟೈಲರಮ್ಮನ ಮನಸ್ಸು ಹಗುರಾಗಿತ್ತು. ಡಬ್ಬಿ ಮುಚ್ಚುತ್ತಾ, "ಉಳಿದ ಗುಂಡಿ ವಾಪಸ್ ಹೋಗುವಾಗ ಹಾಕ್ತೀನಿ ಬಿಡು" ಎಂದಳು.

"ಆ ದಾರೀಲಿ ಅಷ್ಟೊಂದು ಗುಂಡಿ ಆಗಲ್ಲಮ್ಮ" ಎಂದಳು ಮಗಳು. "ಇಲ್ಲೇ ಇದ್ದು ಹಾಕು."