ಡ್ಯಾಶ್‌ಬೋರ್ಡಿನ ಹಿಂದಿನ ಚೈನು

ಕಾರು ಪೇಂಟಿಂಗ್ ಮುಗಿಸಿಕೊಂಡು ವಾಪಸ್ ಬಂದ ದಿನ ಫಕೀರೇಶನಿಗೆ ಮಧ್ಯಾಹ್ನದ ಊಟ ಸೇರಲಿಲ್ಲ.

ಕಾಮಾಕ್ಷಿಪಾಳ್ಯದಲ್ಲಿ ಅವನು ಕೆಲಸಕ್ಕಿದ್ದ ಸೇತುರಾಮರ ಗ್ಯಾರೇಜಿನ ಮುಂದೆ ಅಕ್ಕಪಕ್ಕದ ಅಂಗಡಿಯವರೆಲ್ಲ ನೆರೆದಿದ್ದರು. ಎರಡೇ ಸೀಟಿನ, ತಲೆಯ ಮೇಲೆ ಚಾವಣಿಯಿಲ್ಲದ, ಐವತ್ತೈದು ವರ್ಷ ಹಳೆಯ ಇಟಲಿಯ ಸ್ಪೋರ್ಟ್ಸ್ ಕಾರು. ಈಗ ಕುಂಕುಮದ ಬಣ್ಣ ಬಳಿದುಕೊಂಡು, ಒಳಗೆ ತೇಗದ ಡ್ಯಾಶ್‌ಬೋರ್ಡು, ಕಂದು ಚರ್ಮದ ಸೀಟು ಹಾಕಿಸಿಕೊಂಡು ಮದುವಣಗಿತ್ತಿಯ ಹಾಗೆ ನಿಂತಿತ್ತು. ಆರು ತಿಂಗಳ ಹಿಂದೆ ಬಂದಾಗ ಅದರ ಸೀಟಿನೊಳಗೆ ಇಲಿಗಳು ಸಂಸಾರ ಹೂಡಿದ್ದವು. ಸತ್ತ ಮರಿಗಳನ್ನು ಇಕ್ಕಳದಲ್ಲಿ ಹಿಡಿದು ಒಂದೊಂದಾಗಿ ಎತ್ತಿ ಹಾಕಿದವನು ಫಕೀರೇಶನೇ. ಅವತ್ತೂ ಅವನು ಊಟ ಬಿಟ್ಟಿರಲಿಲ್ಲ.

ತೇಗದ ಹಲಗೆಯ ಹಿಂದೆ ಏನಿದೆ ಎನ್ನುವುದು ಅವನಿಗೆ ಗೊತ್ತಿತ್ತು. ಅದನ್ನು ಅಲ್ಲಿ ಇಟ್ಟವನು ಅವನೇ.

ಆ ಕಾರಿನ ಸ್ಟೇರಿಂಗು ಎಡಗಡೆ ಇತ್ತು. ಅದನ್ನು ಬಲಗಡೆಗೆ ತರುವುದೇ ಗ್ಯಾರೇಜಿಗೆ ಬಂದ ಕೆಲಸ. ನೋಡುವವರಿಗೆ ಸ್ಟೇರಿಂಗ್ ಚಕ್ರವನ್ನು ಆ ಕಡೆಯಿಂದ ಕಿತ್ತು ಈ ಕಡೆ ಸಿಕ್ಕಿಸಿದರೆ ಮುಗಿಯಿತು ಅನ್ನಿಸಬಹುದು. ಆದರೆ ಸ್ಟೇರಿಂಗಿನ ಕೆಳತುದಿಯಲ್ಲಿ, ಮುಂದಿನ ಗಾಲಿಗಳನ್ನು ತಿರುಗಿಸುವ ಒಂದು ಗೇರಿನ ಪೆಟ್ಟಿಗೆ ಇರುತ್ತದೆ. ಆ ಪೆಟ್ಟಿಗೆಯೇ ಬಲಕ್ಕೆ ಬರಬೇಕು. ಅದಕ್ಕೆ ಗಾಡಿಯ ಅಡಿಗಟ್ಟಾದ ಚಾಸಿಯಲ್ಲಿ ಹೊಸ ಜಾಗ ಕಟ್ಟಬೇಕು, ಗಾಲಿಗಳಿಗೆ ಹೋಗುವ ಕಂಬಿಗಳನ್ನು ಹೊಸದಾಗಿ ಮಾಡಬೇಕು. ಫಕೀರೇಶ ಮೂವತ್ತಮೂರನೇ ವಯಸ್ಸಿನಲ್ಲಿ ಸಂಜೆ ಕಾಲೇಜಿಗೆ ಹೋಗಿ ಡಿಪ್ಲೊಮಾ ಮುಗಿಸಿದವನು. ಗ್ರಾಫ್ ಹಾಳೆಯ ಮೇಲೆ ಅಳತೆ ಹಾಕಿ, ಅಳಿಸಿ, ಮತ್ತೆ ಹಾಕಿ, ಹದಿನಾಲ್ಕು ಚಿತ್ರ ಬರೆದಿದ್ದ. ಒಂದು ನಟ್ಟು ಬಿಗಿದರೆ ಮೂರು ಸಲ ಮುಟ್ಟಿ ನೋಡುವವನು. ಮನೆಗೆ ಹೊರಟವನು ಬಸ್‌ಸ್ಟಾಪಿನಿಂದ ವಾಪಸ್ ಬಂದು ನಾಲ್ಕನೇ ಸಲ ನೋಡುವವನು.

ಅಡ್ಡ ಬಂದದ್ದು ಇಂಜಿನ್ನಿನ ಹೊಗೆ ಪೈಪು. ಬಲಗಡೆ ಪೆಟ್ಟಿಗೆ ಕೂರಬೇಕಾದ ಜಾಗದಲ್ಲೇ ಅದು ಹಾಯ್ದು ಹೋಗಿತ್ತು.

"ಲೇ ಫಕೀರ, ಆ ಪೈಪ್ ಹೊಸದಾಗಿ ಬಗ್ಗಿಸಿಕೊಂಡು ಬರೋಕೆ ತಿಂಗಳು ಬೇಕು ಕಣೋ," ಎಂದಿದ್ದರು ಸೇತುರಾಮ. ಎಡಗಡೆಯ ಸ್ಟೇರಿಂಗ್ ಕಂಬವನ್ನು ಆಗಲೇ ಮೊಟಕು ಮಾಡಿಯಾಗಿತ್ತು, ಕಾರನ್ನು ತಿರುಗಿಸುವ ದಾರಿ ಇರಲಿಲ್ಲ. "ಪೇಂಟ್ ಶೆಡ್ಡಿಗೆ ಎರಡು ಬೀದಿ ದಾಟಿ ಹೋಗ್ಬೇಕು ಅಷ್ಟೇ. ಸದ್ಯಕ್ಕೆ ಒಂದು ಬೈಕ್ ಚೈನ್ ಹಾಕು. ವಾಪಸ್ ಬಂದ್ಮೇಲೆ ನಿನ್ನ ಡ್ರಾಯಿಂಗ್ ಪ್ರಕಾರನೇ ಮಾಡೋಣ."

ಸದ್ಯಕ್ಕೆ ಎಂದರೂ ಅವನಿಗೆ ಕೆಟ್ಟದಾಗಿ ಕೆಲಸ ಮಾಡಲು ಬರುವುದಿಲ್ಲ. ಬಲಗಡೆಯ ಹೊಸ ಚಕ್ರಕ್ಕೆ ಒಂದು ಹಲ್ಲುಗಾಲಿ, ಎಡಗಡೆಯ ಮೋಟು ಕಂಬಕ್ಕೆ ಇನ್ನೊಂದು, ಎರಡರ ನಡುವೆ ಮೋಟರ್ ಸೈಕಲ್ಲಿನ ಚೈನು. ಸಡಿಲವಾಗದಂತೆ ಬಿಗಿಯಲು ಒಂದು ಪಟ್ಟಿಯನ್ನೂ ಕೂರಿಸಿದ. ಬಲಗಡೆ ಚಕ್ರ ತಿರುಗಿಸಿದರೆ ಚೈನು ಎಳೆದು ಎಡಗಡೆಯ ಹಳೆಯ ಪೆಟ್ಟಿಗೆ ತಿರುಗುತ್ತಿತ್ತು.

ಕೊನೆಗೆ ಚೈನಿನ ಎರಡು ತುದಿಗಳನ್ನು ಸೇರಿಸುವ ಲಾಕು ಹಾಕುವಾಗ ಅವನ ಕೈ ನಿಂತುಬಿಟ್ಟಿತ್ತು. ಅದು ಉಗುರಿನಷ್ಟು ಸಣ್ಣ ತಗಡಿನ ಕ್ಲಿಪ್ಪು. ಅದಕ್ಕೊಂದು ತೆರೆದ ಬಾಯಿ, ಒಂದು ಮುಚ್ಚಿದ ಬೆನ್ನು. ಚೈನು ಓಡುವ ದಿಕ್ಕಿಗೆ ಬೆನ್ನು ಇರಬೇಕು. ಬಾಯಿ ಮುಂದಾದರೆ ಏನಾದರೂ ತಾಗಿ ಕ್ಲಿಪ್ಪು ಕಳಚಿಕೊಳ್ಳುತ್ತದೆ. ತನ್ನೂರು ಶಿರಹಟ್ಟಿಯಲ್ಲಿ ಸೈಕಲ್ ಅಂಗಡಿಯಲ್ಲಿದ್ದಾಗ ಅವನು ಕಲಿತ ಮೊದಲ ಪಾಠ ಅದು. ಬೈಕಿನ ಚೈನು ಒಂದೇ ದಿಕ್ಕಿಗೆ ಓಡುತ್ತದೆ. ಸ್ಟೇರಿಂಗಿನ ಚೈನು ಎರಡೂ ದಿಕ್ಕಿಗೆ ಓಡುತ್ತದೆ. ಹಾಗಾದರೆ ಬಾಯಿ ಯಾವ ಕಡೆ ಇರಬೇಕು? ಚೂಪು ಮೂತಿಯ ನೋಸ್ ಪ್ಲೈಯರ್ ಹಿಡಿದು ಈ ಕಡೆ ಹಾಕಿದ, ತೆಗೆದ, ಆ ಕಡೆ ಹಾಕಿದ. ಯಾವ ಕಡೆ ಹಾಕಿದರೂ ಅರ್ಧ ಹೊತ್ತು ತಪ್ಪೇ. ಎರಡು ಬೀದಿ ತಾನೇ ಎಂದುಕೊಂಡು ಕೊನೆಗೊಂದು ಕಡೆ ಒತ್ತಿದ್ದ.

ಈಗ ಅದರ ಮೇಲೆ ತೇಗ ಕೂತಿತ್ತು, ತೇಗದ ಮೇಲೆ ಪಾಲಿಶ್ ಕೂತಿತ್ತು.

"ಅಣ್ಣ, ಡ್ಯಾಶ್‌ಬೋರ್ಡ್ ಯಾಕ್ರಿ ಮುಚ್ಚಿಸಿದ್ರಿ? ಒಳಗ ಚೈನ್ ಐತಲ್ರಿ," ಎಂದ ಫಕೀರೇಶ.

ಸೇತುರಾಮ ಎಲೆ ಅಡಿಕೆ ಜಗಿಯುತ್ತಿದ್ದರು. ಮೂಲೆಯ ಗೋಡೆಗೆ ಪಿಚಕ್ಕೆಂದು ಉಗುಳಿದರು. ಆ ಗೋಡೆ ಸೊಂಟದವರೆಗೂ ಕೆಂಪಾಗಿತ್ತು.

"ಓಡಿಸಿ ನೋಡಿದೆ ಕಣೋ. ಬೆಣ್ಣೆ ಥರ ತಿರುಗತ್ತೆ. ಇಷ್ಟು ಚೆನ್ನಾಗಿ ಮಾಡಿದೀಯ, ಮತ್ತೆ ಬಿಚ್ಚೋದ್ಯಾಕೆ? ಕೆಟ್ಟದಾಗಿ ಮಾಡಿದ್ರೆ ನಾನೇ ಬಿಚ್ಚಿಸ್ತಿದ್ದೆ."

"ಲಾಕ್ ಹಾರಿದ್ರ ಗಾಲಿ ತಿರುಗಂಗಿಲ್ರಿ ಅಣ್ಣ. ಮನಷ್ಯಾ ಸಾಯ್ತಾನ್ರಿ."

"ಹಾರಿದ್ರೆ ತಾನೆ? ಡಿಪ್ಲೊಮಾ ಮಾಡಿ ಮಾಡಿ ನಿನ್ನ ತಲೇಲಿ ಬರೀ 'ಆದ್ರೆ' ತುಂಬ್ಕೊಂಡಿದೆ ನೋಡು. ಭಾನುವಾರ ಪೂಜೆ. ಹೋಗಿ ಕೈ ತೊಳ್ಕೋ."

ಕೈ ತೊಳೆದ. ಸೀಮೆಎಣ್ಣೆಯಲ್ಲಿ, ಆಮೇಲೆ ಸೋಪಿನ ಪುಡಿಯಲ್ಲಿ. ಉಗುರಿನ ಸಂದಿಯ ಕಪ್ಪು ಗ್ರೀಸು ಹೋಗಲಿಲ್ಲ. ಯಾವತ್ತೂ ಹೋಗುತ್ತಿರಲಿಲ್ಲ, ಆದರೆ ಯಾವತ್ತೂ ಅದು ಇಷ್ಟು ನಾತ ಹೊಡೆದಿರಲಿಲ್ಲ. ಕೆಲಸವನ್ನು ಇಷ್ಟು ಚೆನ್ನಾಗಿ ಮಾಡದೆ ಇರಬಹುದಿತ್ತಲ್ಲ ಎಂದು ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಮೂರು ದಿನ ಅವನು ಅನ್ನವನ್ನು ಕಲಸಿ ಕಲಸಿ ತಟ್ಟೆಯಲ್ಲೇ ಬಿಟ್ಟ. ಗಾರ್ಮೆಂಟ್ಸಿನಿಂದ ದಣಿದು ಬರುವ ಹೆಂಡತಿ ದಾನಮ್ಮ ಮೂರನೆಯ ದಿನ ತಟ್ಟೆಯನ್ನು ಎಳೆದುಕೊಂಡಳು.

"ಗಾಡಿ ಯಾರದೈತೋ ಅವ್ರ ಮುಂದ ಹೇಳಿ ಬರ್ರಿ. ನೀವೂ ಉಣ್ಣಂಗಿಲ್ಲ, ನನಗೂ ನೆಟ್ಟಗ ಉಣ್ಣಾಕ ಬಿಡಂಗಿಲ್ಲ."

"ಕೆಲಸ ಹೋದ್ರ?"

"ಗಾಡ್ಯಾಗ ಯಾರರ ಸತ್ರ ಆವಾಗ ಉಣ್ತೀರೇನು?"

ಕಾರಿನ ಯಜಮಾನರು ಡಾಕ್ಟರ್ ಆತ್ರೇಯ. ಬಸವೇಶ್ವರನಗರದಲ್ಲಿ ಹಲ್ಲಿನ ಕ್ಲಿನಿಕ್ಕು. ಫಕೀರೇಶ ಶುಕ್ರವಾರ ಅರ್ಧ ದಿನ ರಜೆ ಹಾಕಿ, ಒಗೆದ ಶರ್ಟು ಹಾಕಿಕೊಂಡು ಹೋಗಿ, ದವಡೆ ಹಿಡಿದುಕೊಂಡವರ ನಡುವೆ ಒಂದೂವರೆ ಗಂಟೆ ಕೂತ. ಹೇಳಬೇಕಾದ ಮಾತನ್ನು ಚೀಟಿಯಲ್ಲಿ ಬರೆದುಕೊಂಡಿದ್ದ. ಒಳಗೆ ಹೋದ ಮೇಲೆ ಚೀಟಿ ತೆಗೆಯಲು ನಾಚಿಕೆಯಾಗಿ ಒಂದೇ ಉಸಿರಿಗೆ ಹೇಳಿಬಿಟ್ಟ: ಪೆಟ್ಟಿಗೆ ಎಡಗಡೆಯೇ ಇದೆ, ನಡುವೆ ಬೈಕಿನ ಚೈನು ಇದೆ, ಲಾಕು ಯಾವಾಗ ಬೇಕಾದರೂ ಹಾರಬಹುದು.

ಆತ್ರೇಯ ಗ್ಲೌಸು ಕಳಚುತ್ತಾ ನಕ್ಕರು. "ಗೊತ್ತಪ್ಪ. ಸೇತು ಆಗ್ಲೇ ಹೇಳಿದ್ರು."

"ಗೊತ್ತಿದ್ದೂ ಓಡಸ್ತೀರೇನ್ರಿ ಸಾರ್?"

"ನಾನ್ಯಾಕೆ ಓಡಿಸ್ಲಿ? ವಿಜಯನಗರದವರು ಒಬ್ರು ತಗೋತಾ ಇದಾರೆ, ಲಾಯರಮ್ಮ. ಭಾನುವಾರ ಅವರಿಗೇ ಡೆಲಿವರಿ. ವಾರಕ್ಕೊಂದ್ಸಲ ಕಾಫಿ ಕುಡಿಯೋಕೆ ಹೋಗ್ಬರ್ತಾರೆ, ಅಷ್ಟೇ." ಅವರು ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡು ಒಂದೊಂದೇ ಬೆರಳನ್ನು ಉಜ್ಜಿದರು. "ನೋಡು, ಕ್ಯಾಪ್ ಹಾಕಿದ ಮೇಲೆ ಒಳಗಿನ ಹಲ್ಲು ಹೇಗಿದೆ ಅಂತ ಯಾರೂ ಕೇಳಲ್ಲ. ಹೊರಗೆ ಹೊಳೀಬೇಕು. ಎಲ್ಲಿ, ಬಾಯಿ ತೆಗಿ, ಬಂದಿದೀಯಲ್ಲ ನೋಡ್ಬಿಡ್ತೀನಿ. ಗುಟ್ಕಾ ಹಾಕ್ತೀಯಾ?"

"ಇಲ್ರಿ."

"ಎಲ್ಲರೂ ಹಾಗೇ ಅಂತೀರ. ತೆಗಿ ಬಾಯಿ."

ಯಾಕೆ ತೆಗೆದನೋ ಅವನಿಗೇ ಗೊತ್ತಾಗಲಿಲ್ಲ. ಹೇಳಿದವರು ಡಾಕ್ಟರು, ಅಭ್ಯಾಸಬಲದಿಂದ ಬಾಯಿ ತೆರೆದುಕೊಂಡಿತು. ಆತ್ರೇಯ ಟಾರ್ಚು ಬಿಟ್ಟು ನೋಡಿ, "ಪರವಾಗಿಲ್ವೇ, ಚೆನ್ನಾಗಿ ಉಜ್ತೀಯ," ಎಂದು ಬೆನ್ನು ತಟ್ಟಿ ಕಳಿಸಿದರು. ಲವಂಗದೆಣ್ಣೆಯ ವಾಸನೆ ಮಾಗಡಿ ರಸ್ತೆಯವರೆಗೂ ಅವನ ಹಿಂದೆ ಬಂತು. ಒಂದು ಮೋರಿಯ ಪಕ್ಕ ನಿಂತು ಫಕೀರೇಶ ನಾಲ್ಕು ಸಲ ಉಗಿದ. ಉಗಿದು ಕಳೆದುಕೊಳ್ಳಬೇಕಾದದ್ದು ಬಾಯಲ್ಲಿ ಏನೂ ಇರಲಿಲ್ಲ.

ಸೇತುರಾಮರ ತಂದೆಯ ಕಾಲದಿಂದ ಆ ಗ್ಯಾರೇಜಿನಲ್ಲೊಂದು ಪದ್ಧತಿ. ಗಾಡಿ ಹೊರಡುವ ಮುಂಚೆ ನಾಲ್ಕು ಗಾಲಿಗೂ ನಿಂಬೆಹಣ್ಣು ಇಟ್ಟು ಪೂಜೆ ಮಾಡುತ್ತಾರೆ. ನಿಂಬೆಹಣ್ಣಿನ ಮೇಲೆ ಮೊದಲು ಗಾಡಿ ಹತ್ತಿಸಬೇಕಾದವನು ಯಜಮಾನನಲ್ಲ. ಬ್ರೇಕು, ಸ್ಟೇರಿಂಗಿನ ಕೆಲಸ ಮಾಡಿದ ಕೆಲಸಗಾರ. ಯಜಮಾನ ಪಕ್ಕದಲ್ಲಿ ಕೂರಬೇಕು. ಮೂಲೆಯ ಗಣಪತಿ ಗುಡಿಯವರೆಗೆ ಹೋಗಿ ಬಂದು, ಕೆಲಸಗಾರ ತನ್ನ ಕೈಯಾರೆ ಕೀ ಕೊಡಬೇಕು. ಮಾಡಿದವನ ಜೀವವೂ ಅದರಲ್ಲಿ ಒಂದು ಸಲ ಕೂರಲಿ ಅಂತ ಅಪ್ಪ ಹೇಳ್ತಿದ್ದರು ಎಂದು ಸೇತುರಾಮ ಪ್ರತಿ ಸಲವೂ ಗಿರಾಕಿಗೆ ಹೇಳುತ್ತಿದ್ದರು. ಕೇಳಿದವರು ಮೆಚ್ಚಿಕೊಂಡು ಮೊಬೈಲು ತೆಗೆಯುತ್ತಿದ್ದರು.

ಭಾನುವಾರ ಬೆಳಿಗ್ಗೆ ಲಾಯರಮ್ಮ ಬಂದರು. ವಚನಾ ಎಂದು ಹೆಸರು. ಮೂವತ್ತೈದಿರಬಹುದು. ರೇಷ್ಮೆ ಸೀರೆಯ ಮೇಲೆ ಕೂಲಿಂಗ್ ಗ್ಲಾಸು. ಸಂತೋಷ ತಡೆಯಲಾರದೆ ಕಾರನ್ನು ಒಂದು ಸುತ್ತು ಸುತ್ತಿ ಬಂದು, ಆಮೇಲೆ ನಾಚಿಕೊಂಡು ಇನ್ನೊಂದು ಸುತ್ತು ನಿಧಾನವಾಗಿ ಸುತ್ತಿದರು.

"ಅಪ್ಪನಿಗೆ ಎಪ್ಪತ್ತೈದು ತುಂಬತ್ತೆ ನಾಳೆ," ಎಂದರು ಆತ್ರೇಯರಿಗೆ. "ಪಕ್ಕದಲ್ಲಿ ಕೂರಿಸ್ಕೊಂಡು ಮೈಸೂರಿಗೆ ಹೋಗ್ತೀನಿ. ಹೈವೇಲಿ ಹೇಗೆ ಓಡತ್ತೆ ಡಾಕ್ಟ್ರೇ?"

"ಅಯ್ಯೋ, ಹಕ್ಕಿ ಥರ," ಎಂದರು ಆತ್ರೇಯ. ಫಕೀರೇಶನ ಕಡೆ ನೋಡಲಿಲ್ಲ.

ಮೈಸೂರು. ಆ ಹೆದ್ದಾರಿ. ಪಕ್ಕದಲ್ಲಿ ಮುದುಕರು. ಫಕೀರೇಶನಿಗೆ ಕ್ಲಿಪ್ಪಿನ ಬಾಯಿ ಮಾತ್ರ ಕಾಣತೊಡಗಿತು.

"ಬಾರೋ, ಹತ್ತು," ಎಂದರು ಸೇತುರಾಮ. ಅವರ ಹಣೆಯ ತುಂಬ ವಿಭೂತಿ. "ಮೇಡಂ, ನೀವು ಪಕ್ಕ ಕೂತ್ಕೊಳಿ. ಇವನೇ ನಿಮ್ಮ ಸ್ಟೇರಿಂಗ್ ಮಾಡಿದೋನು. ಬಂಗಾರದಂಥ ಕೈ."

ಫಕೀರೇಶ ಚಪ್ಪಲಿ ಬಿಟ್ಟು ಹತ್ತಿದ. ಕ್ಲಚ್ಚು ಬಿಟ್ಟ. ನಾಲ್ಕು ನಿಂಬೆಹಣ್ಣುಗಳೂ ಪಚಪಚನೆ ಒಡೆದವು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವನು ಗುಡಿಯ ಕಡೆಗೆ ಹೋಗಲಿಲ್ಲ. ಒಂದು ಮಾರೂ ಮುಂದೆ ಹೋಗದೆ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಜೇಬಿನಿಂದ ಸ್ಕ್ರೂಡ್ರೈವರ್, ನೋಸ್ ಪ್ಲೈಯರ್ ತೆಗೆದ. ಬೆಳಿಗ್ಗೆ ಅವನ್ನು ಜೇಬಿಗೆ ಹಾಕಿಕೊಳ್ಳುವಾಗ ಸುಮ್ಮನೆ ಇರಲಿ ಎಂದು ತನಗೆ ತಾನೇ ಹೇಳಿಕೊಂಡಿದ್ದ.

"ಮೇಡಂ, ಒಂಚೂರು ಕಾಲು ತಗೀರಿ."

ಅವರ ಮೊಣಕಾಲಿನ ಮುಂದೆ ಡ್ಯಾಶ್‌ಬೋರ್ಡಿನಲ್ಲಿದ್ದ ಸಾಮಾನಿನ ಡಬ್ಬಿಯ ನಾಲ್ಕು ಸ್ಕ್ರೂ ಬಿಚ್ಚಿ ಹೊರಗೆಳೆದ.

"ಲೇ! ಏನ್ ಮಾಡ್ತಿದೀಯೋ?" ಸೇತುರಾಮ ಮಂಗಳಾರತಿಯ ತಟ್ಟೆ ಹಿಡಿದುಕೊಂಡೇ ಓಡಿ ಬಂದರು. ಫಕೀರೇಶ ಆ ತೂತಿನೊಳಗೆ ನೋಸ್ ಪ್ಲೈಯರ್ ತೂರಿಸಿದ. ಕ್ಲಿಪ್ಪು ಟಕ್ಕೆಂದಿತು. ಅಷ್ಟೇ. ಐದು ಸೆಕೆಂಡೂ ಹಿಡಿಯಲಿಲ್ಲ. ತುದಿ ಹಿಡಿದು ಎಳೆದಾಗ ಕಪ್ಪು ಗ್ರೀಸು ಸುರಿಸುತ್ತಾ ಚೈನು ಸರಸರನೆ ಹೊರಬಂದು ಅವರ ಸೀರೆಯ ಅಂಚಿನ ಮೇಲೆ ಬಿತ್ತು.

ವಚನಾ ಕಿರುಚಿ ಕಾಲು ಮೇಲೆಳೆದುಕೊಂಡರು. "ಏನ್ರೀ ಇದು ಗಲೀಜು!"

"ನಿಮ್ಮ ಸ್ಟೇರಿಂಗ್ ಇದು ಮೇಡಂ. ಈಗ ಚಕ್ರ ತಿರುಗಿಸಿ ನೋಡ್ರಿ."

ಅವರು ಅಳುಕುತ್ತಾ ಕೈ ಚಾಚಿ ತಿರುಗಿಸಿದರು. ಚಕ್ರ ಆಟಿಕೆಯ ಹಾಗೆ ಗಿರ್ರನೆ ಸುತ್ತಿತು, ನಿಲ್ಲಲೇ ಇಲ್ಲ. ಅವರು ಬಾಗಿಲ ಮೇಲಿಂದ ಬಗ್ಗಿ ನೋಡಿದರು. ಮುಂದಿನ ಗಾಲಿ ನಿಂಬೆಹಣ್ಣಿನ ಸಿಪ್ಪೆ ಮೆತ್ತಿಕೊಂಡು ಇದ್ದಲ್ಲೇ ಇತ್ತು, ಕೂದಲೆಳೆಯಷ್ಟೂ ಅಲುಗಿರಲಿಲ್ಲ.

ಆತ್ರೇಯರು ಮೊಬೈಲನ್ನು ಕಿವಿಗಿಟ್ಟುಕೊಂಡು, ಯಾರ ಕರೆಯೂ ಬರದಿದ್ದರೂ, ಹಲೋ ಹಲೋ ಎನ್ನುತ್ತಾ ತಮ್ಮ ಕಾರಿನ ಕಡೆ ಸರಿದರು. "ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ," ಎಂದರು ಸೇತುರಾಮ, ಕೂಗದೆ, ಹಲ್ಲಿನ ಸಂದಿಯಿಂದ. ಅದಕ್ಕೆ ಫಕೀರೇಶ ಸಿದ್ಧನಾಗಿಯೇ ಬಂದಿದ್ದ.

ವಚನಾ ಕನ್ನಡಕ ತೆಗೆದರು. ಚೈನನ್ನು ನೋಡಿದರು, ತಾವು ಕೂತಿದ್ದ, ಅಪ್ಪನನ್ನು ಕೂರಿಸಬೇಕೆಂದಿದ್ದ ಸೀಟನ್ನು ನೋಡಿದರು.

"ಇದನ್ನ ಇಲ್ಲಿ ಹಾಕಿದ್ದು ಯಾರು?"

ಎರಡು ರಾತ್ರಿ ಅವನು ಎಷ್ಟೋ ಪ್ರಶ್ನೆಗಳಿಗೆ ಉತ್ತರ ಜೋಡಿಸಿಕೊಂಡಿದ್ದ. ಇದು ಅದರಲ್ಲಿರಲಿಲ್ಲ. ಪೇಂಟ್ ಶೆಡ್ಡು, ಎರಡು ಬೀದಿ, ಸದ್ಯಕ್ಕೆ, ಎಲ್ಲ ನಾಲಿಗೆಯ ತುದಿಗೆ ಬಂತು. ಎಲ್ಲ ನಿಜವೇ. ಆದರೂ ಹೇಳಹೊರಟರೆ ಕಾಫಿಗೆ ಅಷ್ಟೇ ಎಂದ ಡಾಕ್ಟರರ ಮಾತಿನ ಹಾಗೆಯೇ ಕೇಳಿಸುತ್ತದೆ ಅನ್ನಿಸಿತು.

"ನಾನ್ರಿ," ಎಂದ.

ಅವರು ಚೈನನ್ನು ಮುಟ್ಟಲಾರದೆ ಸೀರೆಯನ್ನು ಎರಡು ಬೆರಳಲ್ಲಿ ಎತ್ತಿ ಕೊಡವಿ, ಅವನನ್ನು ನೋಡಿದರು. ಸತ್ತ ಇಲಿಮರಿಗಳನ್ನು ಎತ್ತಿ ಹಾಕುವಾಗ ಅವನು ಮುಖ ಮಾಡಿಕೊಂಡಿದ್ದು ಹೀಗೆಯೇ. ಫಕೀರೇಶ ಕೀ ತೆಗೆದು, ಅಂಗಿಗೆ ಚೆನ್ನಾಗಿ ಒರೆಸಿ, ಪದ್ಧತಿಯಂತೆ ಅವರ ಕೈಗೆ ಕೊಟ್ಟು, ಚಪ್ಪಲಿ ಹುಡುಕತೊಡಗಿದ.