ಕಳೆಯ ಕೆಳಗಿನ ಹುಲ್ಲು

ಆಗಸ್ಟ್ ಬಂತೆಂದರೆ ಅಮೆರಿಕದ ನೆಬ್ರಾಸ್ಕಾದ ಒಂದು ಊರಿನಲ್ಲಿ ದನ ಸಾಕಿದವರಿಗೆಲ್ಲ ಒಂದೇ ಚಿಂತೆ. ಬೇಲಿಯೊಳಗೆ ಮೇವಿಗೆಂದು ಬೆಳೆಸಿದ ಬ್ರೋಮ್ ಎಂಬ ಹುಲ್ಲು ಒಣಗಿ ತರಗಾಗುತ್ತಿತ್ತು. ಚಳಿಗಾಲಕ್ಕೆಂದು ಕೂಡಿಟ್ಟ ಒಣಹುಲ್ಲಿನ ಕಟ್ಟುಗಳನ್ನು ಅಲ್ವೀನಾ ಮತ್ತು ಅವಳ ತಮ್ಮ ಡೆಲ್ಮಾರ್ ಬೇಸಿಗೆಯಲ್ಲೇ ಬಿಚ್ಚಬೇಕಾಗುತ್ತಿತ್ತು. ಹೀಗೇ ಆದರೆ ಅರ್ಧ ಮಂದೆಯನ್ನು ಮಾರುವುದೇ ಸರಿ ಎಂದು ಡೆಲ್ಮಾರ್ ಗೊಣಗುತ್ತಿದ್ದ. ಆ ಮಾತು ಕಿವಿಗೆ ಬಿದ್ದರೆ ಸಾಕು, ಅಲ್ವೀನಾಗೆ ಊಟ ಸೇರುತ್ತಿರಲಿಲ್ಲ.

ಹೊಳೆಯಾಚೆ ನೆರೆಯ ರೋಸಾಲಿಯ ಗುಡ್ಡ ಮಾತ್ರ ಅದೇ ಬಿಸಿಲಲ್ಲಿ ಹಸಿರಾಗಿತ್ತು. ಅವಳು ಆ ಬಯಲುಸೀಮೆಯದೇ ಆದ, ಬಿಸಿಲಲ್ಲೇ ಬೆಳೆಯುವ ಎತ್ತರದ ಹುಲ್ಲು ಬೆಳೆಸಿದ್ದಳು. ಒಂದು ಸಂಜೆ ಅಲ್ವೀನಾ ಅವಳನ್ನು ಊಟಕ್ಕೆ ಕರೆದಳು.

"ಹೋದ ವರ್ಷ ನಾವೂ ನಿನ್ನ ಹುಲ್ಲಿನ ಬೀಜಾನೇ ಚೆಲ್ಲಿದ್ವಲ್ಲ, ಒಂದು ಎಸಳೂ ಏಳಲಿಲ್ಲ," ಎಂದ ಡೆಲ್ಮಾರ್, ಮೆಕ್ಕೆಜೋಳದ ತೆನೆ ಕಡಿಯುತ್ತ.

"ಯಾವಾಗ ಚೆಲ್ಲಿದ್ರಿ?"

"ಜುಲೈನಲ್ಲಿ. ಹಳೇ ಹುಲ್ಲಿನ ಮೇಲೇ."

ರೋಸಾಲಿ ನಕ್ಕುಬಿಟ್ಟಳು. "ತುಂಬಿದ ಬಸ್ಸಿಗೆ ಕೂಸನ್ನ ಹತ್ತಿಸಿದಂಗಾಯ್ತಲ್ಲೋ! ಇರಲಿ, ನಾನೂ ಮೊದಲ ಸಲ ಹಿಂಗೇ ಕೆಡಿಸ್ಕೊಂಡೆ. ಬ್ರೋಮ್ ಹುಲ್ಲಿಗೆ ತಂಪು ಬೇಕು. ಅಕ್ಟೋಬರಲ್ಲಿ ಅದು ಮತ್ತೆ ಹಸಿರಾದಾಗ ಅದರ ಮೇಲೇ ಕಳೆನಾಶಕ ಹೊಡಿ. ಏಪ್ರಿಲ್‌ನಲ್ಲಿ ಮತ್ತೆ ಚಿಗುರಿದ್ರೆ ಇನ್ನೊಂದು ಸಲ ಹೊಡಿ. ಮೇ ತಿಂಗಳಲ್ಲಿ ಮಣ್ಣು ಬೆಚ್ಚಗಾದ್ಮೇಲೆ ಬಿತ್ತು."

"ಆಳಕ್ಕೆ ಬಿತ್ತಬೇಕೇನೇ?" ಅಲ್ವೀನಾ ಕೇಳಿದಳು.

"ಅಯ್ಯೋ ಬೇಡ! ಉಗುರು ಮುಳುಗುವಷ್ಟು ಸಾಕು. ನೆಲ ಗಟ್ಟಿಯಾಗಿರಲಿ, ಬೂಟಿನ ಗುರುತು ಮೂಡಿಯೂ ಮೂಡದ ಹಂಗೆ. ಮೊದಲ ವರ್ಷ ಗೊಬ್ಬರ ಹಾಕ್ಬೇಡಿ, ಅದನ್ನ ತಿಂದು ಕೊಬ್ಬೋದು ಕಳೆ."

ಅಕ್ಕ ತಮ್ಮ ಹಾಗೇ ಮಾಡಿದರು. ಆದರೂ ಮುಂದಿನ ಜುಲೈ ಹೊತ್ತಿಗೆ ಹೊಲದ ತುಂಬ ಸೊಂಟದೆತ್ತರ ಕಳೆ! ದಾರಿಹೋಕರು ಟ್ರಕ್ ನಿಲ್ಲಿಸಿ, "ಕಳೆ ಬೆಳೆಸೋದ್ರಲ್ಲಿ ಈ ಸಲ ಬಹುಮಾನ ನಿಂಗೇ ಕಣಯ್ಯಾ ಡೆಲ್ಮಾರ್!" ಎಂದು ಹಂಗಿಸಿದರು.

ಮರುದಿನ ಬೆಳಿಗ್ಗೆ ಟ್ರ್ಯಾಕ್ಟರ್ ಸದ್ದು ಕೇಳಿ ಅಲ್ವೀನಾ ಓಡಿಬಂದಳು. ತಮ್ಮ ನೇಗಿಲು ಕಟ್ಟಿ ಹೊಲದ ಒಂದು ಪಟ್ಟಿಯನ್ನು ಆಗಲೇ ಮಗುಚಿಹಾಕಿದ್ದ. ಅವಳು ಎದುರಿಗೆ ಹೋಗಿ ನಿಂತಳು.

"ದಾರಿ ಬಿಡಕ್ಕಾ!"

"ನನ್ನ ಮೇಲೇ ಹರಿಸ್ಕೊಂಡು ಹೋಗು. ರೋಸಾಲಿ ಬಂದು ನೋಡೋವರೆಗೂ ಇನ್ನೊಂದು ಸಾಲು ಉಳೋಕೆ ಬಿಡಲ್ಲ."

ರೋಸಾಲಿ ಬಂದಳು. ಮೊಣಕಾಲೂರಿ ಕಳೆಯನ್ನು ಎರಡೂ ಕೈಯಿಂದ ಸರಿಸಿದಳು. ನೆರಳಲ್ಲಿ ನವಿರಾದ ಎಸಳುಗಳು ಅಲ್ಲಲ್ಲಿ ನಿಂತಿದ್ದವು. ಗುದ್ದಲಿಯಿಂದ ಆಳಕ್ಕೆ ಅಗೆದು ಒಂದು ಸಸಿಯನ್ನು ಎತ್ತಿ ಟ್ರ್ಯಾಕ್ಟರ್ ಮೇಲಿದ್ದ ಡೆಲ್ಮಾರ್‌ನ ಕೈಗೆ ಕೊಟ್ಟಳು. ಎಲೆ ಬೆರಳುದ್ದ, ಬೇರು ಗೇಣಿಗೂ ಮಿಕ್ಕಿತ್ತು.

"ಇದು ಮೊದಲು ಕೆಳಕ್ಕೆ ಬೆಳೀತದೆ ಡೆಲ್ಮಾರ್. ಕಳೆ ಕಿತ್ರೆ ಇದೂ ಜೊತೇಲಿ ಕಿತ್ಕೊಂಡು ಬರ್ತದೆ. ಕಳೆ ಹೂ ಬಿಡೋಕೆ ಮುಂಚೆ, ಗೇಣುದ್ದ ಬಿಟ್ಟು ಮೇಲಿಂದ ಕತ್ತರಿಸು. ಇದಕ್ಕೆ ಬಿಸಿಲು ಬೀಳಲಿ. ಮತ್ತೆ ಎದ್ರೆ ಮತ್ತೆ ಕತ್ತರಿಸು. ಈ ವರ್ಷ ದನ ಮಾತ್ರ ಬಿಡ್ಬೇಡ."

ಡೆಲ್ಮಾರ್ ಸಸಿಯನ್ನು ಅಂಗೈಯಲ್ಲಿಟ್ಟುಕೊಂಡು, ತಾನು ಉತ್ತ ಪಟ್ಟಿಯ ಕಡೆ ನೋಡಿದ.

"ಅಲ್ಲೂ ಇದ್ವಾ?"

ಅವನು ಇಳಿದು ನೇಗಿಲು ಬಿಚ್ಚಿದ.

ಆ ಬೇಸಿಗೆಯೆಲ್ಲ ಕಳೆ ತಲೆ ಎತ್ತಿದಾಗಲೆಲ್ಲ ಅವನೇ ಹೋಗಿ ಕತ್ತರಿಸಿದ. ಎರಡನೇ ವರ್ಷ ಹುಲ್ಲು ಕಳೆಯನ್ನು ಮೀರಿಸಿತು. ಮೂರನೇ ವರ್ಷದ ಆಗಸ್ಟ್‌ನಲ್ಲಿ, ಊರೆಲ್ಲ ಒಣಗಿ ನಿಂತಿದ್ದಾಗ, ಹಸು ಕರುಗಳನ್ನು ಬೇಲಿಯೊಳಗೆ ಬಿಟ್ಟ ಡೆಲ್ಮಾರ್ ಕೂಗಿಕೊಂಡ:

"ಅಕ್ಕಾ, ಕರುಗಳು ಕಾಣ್ತಾನೇ ಇಲ್ವಲ್ಲೇ!"

"ಕಣ್ಣು ಬಿಟ್ಟು ನೋಡೋ, ಹುಲ್ಲೊಳಗಿದಾವೆ!" ಎನ್ನುತ್ತ ಅಲ್ವೀನಾ ಬೇಲಿ ಹಿಡಿದು ನಕ್ಕಳು. ಮಂದೆ ಮಾರುವ ಮಾತು ಆ ಮನೆಯಲ್ಲಿ ಮತ್ತೆ ಏಳಲಿಲ್ಲ.

ಬಯಲಿನ ಹುಲ್ಲು ಬಿತ್ತಲು ಹೊರಟವರೇ, ಹಳೆಯ ಹುಲ್ಲನ್ನು ಮೊದಲು ತೆಗೆಯಿರಿ. ಮಣ್ಣು ಬೆಚ್ಚಗಾಗುವವರೆಗೆ ಕಾಯಿರಿ. ಮೊದಲ ವರ್ಷ ಬರೀ ಕಳೆಯೇ ಕಂಡರೆ ಎದೆಗುಂದಬೇಡಿ, ಅದು ಹೂ ಬಿಡುವ ಮೊದಲೇ ಕತ್ತರಿಸಿ. ಸೋತೆವೆಂದು ಕೈಚೆಲ್ಲುವ ಮುನ್ನ ಒಮ್ಮೆ ಬಗ್ಗಿ ನೋಡಿ, ನಿಮ್ಮ ಹುಲ್ಲು ಅಲ್ಲೇ ಬೇರು ಬಿಡುತ್ತಿರಬಹುದು.