ಕುದುರೆಯ ಪಟ್ಟಿ

ಅಳತೆ ತಪ್ಪಿದ ಸೀರೆ ನನ್ನ ಮಗ್ಗದಿಂದ ಇಳಿದದ್ದಿಲ್ಲ ಎಂದು ರಬಕವಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹಾಗೆ ಹೇಳುವಾಗ ನಾನು ತಲೆ ತಗ್ಗಿಸುತ್ತೇನೆ. ವಿನಯ ಎಂದು ಜನ ತಿಳಿಯುತ್ತಾರೆ. ವಿನಯವೂ ಅಲ್ಲ, ಮಣ್ಣೂ ಅಲ್ಲ. ಅಳತೆ ತಪ್ಪಿ ನೇಯ್ದದ್ದು ಒಂದಿದೆ, ಅದು ನನಗೆ ಗೊತ್ತಿದೆ.

ಸಂಸ್ಥಾನ ಹೋಗಿ ಮುಂಬೈ ಸರಕಾರ ಬಂದು ನಾಲ್ಕು ವರ್ಷವಾಗಿತ್ತು. ನನ್ನ ಹೆಂಡತಿ ಶೇವಂತಿಗೆ ಎಂಟು ತಿಂಗಳು ತುಂಬಿತ್ತು. ಮೊದಲ ಹೆರಿಗೆ ತವರೂರು ಬೀಳಗಿಯಲ್ಲಿ ಆಗಿದ್ದರಿಂದ ಆಗ ಆಕೆ ಏನು ಅನುಭವಿಸಿದಳೋ ನಾನು ಕಂಡವನಲ್ಲ. ಮಗಳು ಹುಟ್ಟಿದ ಸುದ್ದಿ ಬಂದಾಗ ಪೇಢೆ ಹಂಚಿದೆ, ಅಷ್ಟೇ. ಎರಡನೆಯದು ನಮ್ಮ ಮನೆಯಲ್ಲೇ ಆಗಬೇಕಿತ್ತು.

ಒಂದು ಮುಂಜಾನೆ ಅವ್ವನ ಕೂಗು ಕೇಳಿ ಹೊರಗೆ ಬಂದೆ. ಶೇವಂತಿ ನೀರಿನ ಕೊಡ ಪಕ್ಕಕ್ಕಿಟ್ಟು ಬಾಗಿಲ ಹೊಸ್ತಿಲ ಮೇಲೆ ಕುಳಿತಿದ್ದಳು. ಹೊಸ್ತಿಲ ಮೇಲೆ ಕೂಡುವುದೆಂದರೆ ನಮ್ಮಲ್ಲಿ ಮನೆಗೆ ಕೇಡು ಕರೆದಂತೆ.

“ಏಳ ಬೇ! ತುಂಬಿದ ಬಸರಿ, ಹೊಸ್ತಲ ಮ್ಯಾಲ ಕುಂತಾಳ ನೋಡು!” ಎಂದು ನನ್ನ ಅವ್ವ ಕೆಂಪವ್ವ ಕೈ ಬೀಸುತ್ತಿದ್ದಳು.

ಶೇವಂತಿ ಏಳಲಿಲ್ಲ. ಎರಡೂ ಕೈಯಿಂದ ತನ್ನದೇ ಕಾಲನ್ನು ಎತ್ತಿ ಒಳಗಿಟ್ಟಳು, ಆಮೇಲೆ ಇನ್ನೊಂದನ್ನು. ಚೌಕಟ್ಟು ಹಿಡಿದು ಎದ್ದಾಗ ತುಟಿ ಬೆಳ್ಳಗಾಗಿತ್ತು.

“ಏನಾಗೈತಿ?” ಎಂದೆ.

“ಕಾಲು ನೋವು,” ಎಂದಳು.

ಕಾಲಲ್ಲ. ಸೂಲಗಿತ್ತಿ ಮರೆವ್ವ ಬಂದು ನೋಡಿ, ಹೋಗುವಾಗ ನನ್ನನ್ನು ಗೋಡೆಯ ಮರೆಗೆ ಕರೆದಳು. “ಹೊಟ್ಟಿ ಕೆಳಗ, ತೊಡಿ ಕೂಡೋ ಕಡೆ ಎಲುಬು ಸಡ್ಲ ಆಗ್ಯಾವ. ಕೂಸಿಗೆ ಹಾದಿ ಮಾಡಾಕತ್ತಾವ. ಒಂದ ಕಾಲ ಮ್ಯಾಲ ಭಾರ ಬಿತ್ತಂದ್ರ ಜೀವ ಹೋದಂಗ ಆಕ್ಕೈತಿ. ಟೊಂಕಕ್ಕ ಏನರ ಬಿಗದು ಕಟ್ರಿ.”

“ನಾ ಏಳು ಹಡದೇನಿ. ಒಂದ ದಿನ ಕುಂಟಿಲ್ಲ,” ಎಂದು ಅವ್ವ ಒಳಗಿನಿಂದಲೇ ಹೇಳಿದಳು.

ಹಳೆ ಸೀರೆ ಮಡಿಸಿ ಕಟ್ಟಿದರೆ ನಾಲ್ಕು ಹೆಜ್ಜೆಗೆ ಸಡಿಲವಾಗುತ್ತಿತ್ತು. ನೇಕಾರನ ಹೆಂಡತಿಗೆ ಒಂದು ಗಟ್ಟಿ ಪಟ್ಟಿ ಇಲ್ಲವೆಂದರೆ ಹೇಗೆ? ನೇಯಬೇಕು ಎಂದುಕೊಂಡೆ. ಆದರೆ ನೂಲಿನ ಎಳೆ ಹಿಡಿದು ಹೆಂಡತಿಯ ಟೊಂಕ ಅಳೆಯುವುದು, ಅದೂ ಅವ್ವ ಮನೆಯಲ್ಲಿರುವಾಗ! ನನಗೆ ನಾಚಿಕೆ. ಅಂದಾಜಿಗೆ ನಾಲ್ಕು ಗೇಣು ಎಂದಿಟ್ಟುಕೊಂಡು ಜೋಡಿ ನೂಲಿನ ಹಾಸು ಹಾಕಿ, ಕಟ್ಟಲು ಎರಡೂ ತುದಿಗೆ ದಾರ ಬಿಟ್ಟೆ.

ನಾವು ನಾಲ್ಕು ಜನ ಒಂದೇ ಪಡಸಾಲೆಯಲ್ಲಿ ನೇಯುತ್ತಿದ್ದೆವು. ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗಗಳು. ನಮ್ಮಲ್ಲಿ ಹಿರಿಯ ಶಿವಯೋಗೆಪ್ಪ. ಗೇಣಗಲದ ದಪ್ಪ ಪಟ್ಟಿ ಕಂಡು ಆತ ಲಾಳಿ ನಿಲ್ಲಿಸಿದ.

“ಏನಲೇ ದಶರಥಾ ಇದು? ಸೀರಿ ಅಲ್ಲ, ತಲಿಗೆ ಸುತ್ತೋ ಪಟಗಾ ಅಲ್ಲ.”

ಮೂವರೂ ನನ್ನತ್ತ ನೋಡುತ್ತಿದ್ದರು. ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ. “ಕುದುರಿ ಹೊಟ್ಟಿಗೆ ಕಟ್ಟೋ ಪಟ್ಟಿ. ಮುಧೋಳದ ಟಾಂಗಾದವ ಒಬ್ಬವ ಹೇಳ್ಯಾನ.”

ಶೇವಂತಿ ಆ ಪಟ್ಟಿಯನ್ನು ಸೀರೆಯ ಮೇಲೆ ಬಿಗಿದು, ಸೆರಗು ಮುಚ್ಚಿ ಓಡಾಡತೊಡಗಿದಳು. “ಛಲೋ ಆತ್ರಿ,” ಎಂದಳು. ನಾನು ಹಿಗ್ಗಿದೆ.

ಸುಳ್ಳಿಗೆ ಕಾಲಿಲ್ಲ ಅನ್ನುತ್ತಾರೆ. ನನ್ನ ಸುಳ್ಳಿಗೆ ಕುದುರೆಯ ಕಾಲೇ ಇತ್ತು, ನಾಲ್ಕು ದಿನದಲ್ಲಿ ಬನಹಟ್ಟಿ ಮುಟ್ಟಿತು. ಅಲ್ಲಿಯ ಟಾಂಗಾ ನಾಮದೇವ ನೇರ ನಮ್ಮ ಮನೆಗೇ ಬಂದ. ಶೇವಂತಿ ಕಟ್ಟೆಯ ಮೇಲೆ ರಾಟೆಯ ಮುಂದೆ ಕೂತು ನೂಲು ಸುತ್ತುತ್ತಿದ್ದಳು. ಅವ್ವ ಅಂಗಳದಲ್ಲಿದ್ದಳು, ನಾನು ಊಟಕ್ಕೆ ಬಂದಿದ್ದೆ.

“ದಶರಥಪ್ಪಾ, ಕುದುರಿ ಪಟ್ಟಿ ನೇಯಾಕತ್ತೀಯಂತ. ನನ್ನ ಕುದುರಿಗೂ ಒಂದ ಬೇಕು ನೋಡು. ಹೊಟ್ಟಿ ಏಳು ಗೇಣು ಐತಿ.”

ರಾಟೆ ನಿಂತಿತು. ಅವ್ವ ನಕ್ಕಳು. “ಕುದುರಿದೇನ ಅದು? ಅದಕ್ಕ ಇಕಿ ಜಿಗದಾಡಾಕತ್ತಾಳ!”

ಶೇವಂತಿ ಗೋಡೆ ಹಿಡಿದು ಎದ್ದಳು. ಸೆರಗಿನೊಳಗೆ ಕೈ ಹಾಕಿ ಗಂಟು ಬಿಚ್ಚಿ, ಪಟ್ಟಿಯನ್ನು ಮಡಿಸಿ ನಾಮದೇವನ ಮುಂದಿಟ್ಟಳು.

“ನೋಡ್ರಿ ಅಣ್ಣಾ. ನಿಮ್ಮ ಕುದುರಿಗಿ ಗಿಡ್ಡ ಆಕ್ಕೈತಿ.”

ಹೊಸ್ತಿಲವರೆಗೆ ನಡೆದಳು. ಅಲ್ಲಿ ಕಾಲು ಎತ್ತಲಾಗದೆ ನಿಂತಳು. ನಮ್ಮೆಲ್ಲರಿಗೂ ಬೆನ್ನು ತೋರಿಸಿ, ಬಹಳ ಹೊತ್ತು ನಿಂತಳು.

ನಾಮದೇವ ದಡ್ಡನಲ್ಲ. ಪಟ್ಟಿಯನ್ನು ಮುಟ್ಟದೆ, ನನ್ನ ಮುಖ ನೋಡದೆ, ಚಪ್ಪಲಿ ಮೆಟ್ಟಿ ಹೋದ. ಭೂಮಿ ಬಾಯಿ ಬಿಡಬಾರದೇ ಎನಿಸಿತು. ನೇಕಾರನಿಗೆ ಭೂಮಿ ಬಾಯಿ ಬಿಟ್ಟೇ ಇರುತ್ತದಲ್ಲ, ಮಗ್ಗದ ಕುಣಿಗೆ ಹೋಗಿ ಕೂತೆ.

ಸಂಜೆ ಬಂದು, “ಏನೋ ಬಾಯಿ ತಪ್ಪಿ ಬಂತು,” ಎಂದೆ.

“ಬಾಯಿ ತಪ್ಪಿಲ್ಲರಿ,” ಎಂದಳು ಶೇವಂತಿ. “ಕೂಸು ಆಕ್ಕೈತಂದ್ರ ಓಣಿ ಮಂದಿ ಮುಂದ ಮೀಸಿ ತಿರವತೀರಿ. ಅದು ಬರೋ ಹಾದಿ ನೋಯತೈತಂದ್ರ, ಅದು ಕುದುರಿ ಪಾಲಾತೇನು?”

ನಾನು ಪಟ್ಟಿಯನ್ನು ಗೂಟಕ್ಕೆ ಹಾಕಿ ಹೊರಗೆ ಹೋದೆ.

ಎರಡು ದಿನ ಪಟ್ಟಿ ಗೂಟಕ್ಕೆ ತೂಗುತ್ತಿತ್ತು. ಆಕೆ ಮತ್ತೆ ಹೊಸ್ತಿಲ ಮೇಲೆ ಕೂತು, ಕಾಲನ್ನು ಕೈಯಿಂದ ಎತ್ತಿಟ್ಟು ದಾಟುತ್ತಿದ್ದಳು. ಅವ್ವ ಬೈಯುತ್ತಿದ್ದಳು. ಅದನ್ನು ನೋಡಲಾರದೆ ನಾನು, ಗಂಡಸು, ಮಗ್ಗಕ್ಕೆ ಬೇಗ ಬೇಗ ಹೋಗುತ್ತಿದ್ದೆ.

ಮೂರನೆಯ ದಿನ ಶಿವಯೋಗೆಪ್ಪ, “ಕುದುರಿ ಆರಾಮ ಐತೇನಪಾ?” ಎಂದು ಕೇಳಿದ. ಗೊತ್ತಿದ್ದು ಕೇಳಿದನೋ ಗೊತ್ತಿಲ್ಲದೆಯೋ. ನಾನು ಕುಣಿಯಲ್ಲೇ ಎದ್ದು ನಿಂತೆ.

“ಕುದುರಿ ಇಲ್ಲ, ಏನೂ ಇಲ್ಲ. ನನ್ನ ಹೆಂಡತಿಗೆ ನೇದದ್ದು ಅದು. ಟೊಂಕದ ಎಲುಬು ಸಡ್ಲ ಆಗ್ಯಾವ. ಹೊಸ್ತಲ ದಾಟಾಕ ಆಗವಲ್ದು ಆಕಿಗೆ.”

ಮಗ್ಗಗಳು ನಿಂತವು. ಆಚೆ ಒಬ್ಬ ಕಿಸಕ್ಕೆಂದು ನಕ್ಕ. ಶಿವಯೋಗೆಪ್ಪ ನಗಲಿಲ್ಲ.

“ಅಳತಿ ತಗೊಂಡಿದ್ಯೇನು?”

“ಇಲ್ಲ. ಅಂದಾಜು.”

“ಕಂಡಿಲ್ಲದ ಸಾವಕಾರನ ಹೆಂಡತಿ ಸೀರಿಗಿ ಬೆರಳ ಬೆರಳ ಅಳೀತಿ. ಮನ್ಯಾನಾಕಿಗೆ ಅಂದಾಜಾ? ಏಳಲೇ, ನಡಿ ಮನಿಗಿ.”

ಮಟಮಟ ಮಧ್ಯಾಹ್ನ ನೂಲಿನ ಎಳೆ ಹಿಡಿದು ಓಣಿಯಲ್ಲಿ ನಡೆದೆ. ಶೇವಂತಿ ಹೊಸ್ತಿಲ ಮೇಲೇ ಇದ್ದಳು, ಒಂದು ಕಾಲು ಒಳಗೆ, ಒಂದು ಹೊರಗೆ. ಎದುರು ಮನೆಯ ಹೆಂಗಸರು ಕಾಳು ಹಸನು ಮಾಡುತ್ತ ಕೂತಿದ್ದರು. ನಾನೂ ಹೊಸ್ತಿಲ ಮೇಲೆ ಆಕೆಯ ಪಕ್ಕ ಕೂತೆ.

“ಮಂದಿ ನೋಡಾಕತ್ತಾರ್ರಿ,” ಎಂದಳು.

“ನೋಡ್ಲಿ. ಮೊದಲಿನ ಪಟ್ಟಿ ಬರಾಬರಿ ಇತ್ತೇನು? ಖರೆ ಹೇಳು.”

ಆಕೆ ಓಣಿಗೆ ಬೆನ್ನು ಮಾಡಿ ಸೀರೆಯನ್ನು ಬೆರಳಷ್ಟು ಸರಿಸಿದಳು. ಕೆಂಪು ಗಾಯ. ಪಟ್ಟಿ ಗಿಡ್ಡವಾಗಿ, ತುದಿಯ ದಾರ ಬಟ್ಟೆಯ ಮೇಲಿನಿಂದಲೇ ಚರ್ಮ ಕೊರೆದಿತ್ತು. ಅದನ್ನು ಕಟ್ಟಿಕೊಂಡೇ ನನಗೆ ಛಲೋ ಆತ್ರಿ ಎಂದಿದ್ದಳು.

ಆಕೆಯನ್ನು ಎಬ್ಬಿಸಿ ಚೌಕಟ್ಟಿಗೆ ಒರಗಿಸಿ ನಿಲ್ಲಿಸಿದೆ. ಮೊಣಕಾಲೂರಿ ಎಳೆಯನ್ನು ಟೊಂಕಕ್ಕೆ ಸುತ್ತಿದೆ.

ಅವ್ವ ಒಳಗಿನಿಂದ ಬಂದಳು. ಬೈಗುಳಕ್ಕೆ ಕಾದೆ. ಆಕೆ ನನ್ನ ಕೈಯನ್ನು ನೋಡುತ್ತ ನಿಂತಳು.

“ಅಲ್ಲಲ್ಲ,” ಎಂದಳು ದನಿ ತಗ್ಗಿಸಿ. ಬಗ್ಗಿ ನನ್ನ ಬೆರಳು ಹಿಡಿದು, ಎಳೆಯನ್ನು ಎರಡು ಬೆರಳು ಕೆಳಗಿಳಿಸಿದಳು. “ಇಲ್ಲಿ. ಇಲ್ಲೇ ನೋಯೋದು.”

ಶೇವಂತಿ ಆಕೆಯ ಮುಖ ನೋಡಿದಳು. ಅವ್ವ ಯಾರ ಮುಖವನ್ನೂ ನೋಡಲಿಲ್ಲ. ಏಳು ಹಡೆದವಳು. ಆ ಏಳರಲ್ಲಿ ಕೊನೆಯವನು ನಾನು.

ಎಳೆಗೆ ಗಂಟು ಹಾಕಿದೆ. ಐದು ಗೇಣು, ಮೂರು ಬೆರಳು.